ಯಾವ ವಿಳಂಬ ನಿಜವಾದ ವಿಳಂಬ?

ಯೋಜನಾ ನಿರ್ವಹಣೆಯ ತಂತ್ರಾಂಶವನ್ನು ತೆರೆದೊಡನೆ ಕಣ್ಣಿಗೆ ಬೀಳುವುದು ದಿನಾಂಕಗಳ ಕೆಳಗೆ ಚಾಚಿಕೊಂಡ ಬಣ್ಣದ ಪಟ್ಟಿಗಳು. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ನಕ್ಷೆಯನ್ನು ಕಾಗದದ ಮೇಲೂ ಬರೆಯಬಹುದು. ತಂತ್ರಾಂಶದ ನಿಜವಾದ ಕಸುಬು ಇರುವುದು ಆ ಪಟ್ಟಿಗಳ ಹಿಂದೆ, ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕೆಂಬ ಲೆಕ್ಕದಲ್ಲಿ.

ದಾವಣಗೆರೆಯಲ್ಲಿ ಒಂದು ಮನೆಯ ಗೋಡೆ ಎದ್ದಿದೆ ಎನ್ನೋಣ. ತಾರಸಿಗೆ ಸೆಂಟ್ರಿಂಗ್ (ಕಾಂಕ್ರೀಟನ್ನು ಹಿಡಿದಿಡುವ ಹಲಗೆ, ಕಂಬಗಳ ಅಚ್ಚು) ಮತ್ತು ಕಬ್ಬಿಣ ಕಟ್ಟಲು 8 ದಿನ, ಕಾಂಕ್ರೀಟ್ ಹಾಕಲು 1 ದಿನ. ತಾರಸಿಯನ್ನು ಹೊರುವ ಗೋಡೆಗಳ ನಡುವಿನ ಅಂತರ ನಾಲ್ಕೂವರೆ ಮೀಟರ್ ಮೀರಿದ್ದರೆ ಆಸರೆಯ ಕಂಬಗಳನ್ನು ಸಾಮಾನ್ಯವಾಗಿ 14 ದಿನ ತೆಗೆಯಬಾರದೆನ್ನುತ್ತದೆ ಭಾರತೀಯ ಮಾನಕ ಐಎಸ್ 456. ಒಳಗಿನ ಗಾರೆ ಕೆಲಸ ಆರಂಭವಾಗಲು ಹೀಗೆ 23 ದಿನ ಬೇಕು. ಅದೇ ವೇಳೆಯಲ್ಲಿ, ಗಾರೆಗೆ ಮೊದಲೇ ಕೂರಿಸಬೇಕಾದ ಕಿಟಕಿ ಗ್ರಿಲ್‌ಗಳು ವೆಲ್ಡಿಂಗ್ ಅಂಗಡಿಯಲ್ಲಿ 15 ದಿನಕ್ಕೆ ಸಿದ್ಧವಾಗುವುದಾದರೆ, ಆ ಕೆಲಸಕ್ಕೆ 8 ದಿನಗಳ ಬಿಡುವು ಉಂಟು. ಗ್ರಿಲ್ 6 ದಿನ ತಡವಾದರೂ ಮನೆಯ ಕೆಲಸ ಹಿಂದೆ ಬೀಳದು. ಸೆಂಟ್ರಿಂಗ್ ಒಂದೇ ದಿನ ತಡವಾದರೂ ಬೀಳುತ್ತದೆ. ಬಿಡುವಿಲ್ಲದ ಈ ಸರಪಣಿಯೇ ನಿರ್ಣಾಯಕ ಪಥ. ಗ್ರಿಲ್ 10 ದಿನ ತಡವಾದರೆ ಗಾರೆ ಕೆಲಸ 2 ದಿನ ಮುಂದೆ ಹೋಗಿ, ಪಥವೇ ವೆಲ್ಡಿಂಗ್ ಅಂಗಡಿಯ ಕಡೆಗೆ ತಿರುಗುತ್ತದೆ. ನಾಲ್ಕಾರು ಕೆಲಸಗಳಾದರೆ ಮೇಸ್ತ್ರಿ ಇದನ್ನು ಬೆರಳೆಣಿಕೆಯಲ್ಲೇ ಹೇಳಿಯಾನು. ಕೆಲಸಗಳು ನೂರಾರಾದಾಗ ಯಂತ್ರ ಬೇಕು. ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳು 1957ರ ಸುಮಾರಿಗೆ ಈ ವಿಧಾನವನ್ನು ರೂಪಿಸಿದ್ದೇ ಗಣಕಯಂತ್ರದ ಮೇಲೆ.

ಕ್ಯಾಲೆಂಡರ್ ಸೌಲಭ್ಯ ಚಿಕ್ಕದೆನಿಸಿದರೂ ಎಡವುವುದು ಅಲ್ಲೇ. ನಾಯಕನಹಟ್ಟಿ ಜಾತ್ರೆಗೆ ಕೂಲಿಯವರು ಹೊರಟರೆ ಸೆಂಟ್ರಿಂಗ್ ನಿಲ್ಲುತ್ತದೆ, ಕಾಂಕ್ರೀಟ್ ಗಟ್ಟಿಯಾಗುವುದು ನಿಲ್ಲುವುದಿಲ್ಲ. ಮೊದಲನೆಯದನ್ನು ದುಡಿಮೆಯ ದಿನಗಳಲ್ಲಿ, ಎರಡನೆಯದನ್ನು ರಜೆಯೂ ಸೇರಿದ ದಿನಗಳಲ್ಲಿ ನಮೂದಿಸದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಒಂದೇ ಗಾರೆ ತಂಡವನ್ನು ಎರಡು ಮನೆಗಳಿಗೆ ಒಂದೇ ವಾರ ಬರೆದಿದ್ದರೆ ತಂತ್ರಾಂಶ ಅದನ್ನು ಎತ್ತಿ ತೋರಿಸಿ, ಬಿಡುವಿರುವ ಕೆಲಸವನ್ನು ಮುಂದೂಡಬಲ್ಲದು. ಆದರೆ ಹಾಗೆ ಮುಂದೂಡಿದ ದಿನಾಂಕಗಳನ್ನು ಕಣ್ಣು ಮುಚ್ಚಿ ಒಪ್ಪುವುದು ಜಾಣತನವಲ್ಲ: ಬೇರೆ ತಂಡ ಸಿಗುತ್ತದೆಯೇ ಎಂಬುದು ಅದಕ್ಕೆ ತಿಳಿಯದು.

ಆರಂಭದ ಯೋಜನೆಯ ಒಂದು ಪ್ರತಿಯನ್ನು ಕಾಯ್ದಿಡುವ ಸೌಲಭ್ಯವನ್ನು ಮಾತ್ರ ಯಾರೂ ಬಿಡಬಾರದು. ವಾರವಾರವೂ ದಿನಾಂಕಗಳನ್ನು ತಿದ್ದುತ್ತ ಹೋದರೆ, ತಿಂಗಳುಗಟ್ಟಲೆ ಹಿಂದುಳಿದ ಕೆಲಸವೂ ಪರದೆಯ ಮೇಲೆ ಸಕಾಲದಲ್ಲಿ ನಡೆಯುತ್ತಿರುವಂತೆ ಕಾಣುತ್ತದೆ. ಪ್ರಗತಿಯನ್ನು ತುಂಬುವಾಗಲೂ ಶೇಕಡಾ ಎಷ್ಟು ಮುಗಿಯಿತೆಂದು ಕೇಳುವುದಕ್ಕಿಂತ ಇನ್ನೆಷ್ಟು ದಿನ ಬೇಕೆಂದು ಕೇಳುವುದು ಮೇಲು. ಮುಂದಿನ ಕೆಲಸದ ದಿನಾಂಕ ನಿಂತಿರುವುದು ಆ ಉಳಿದ ದಿನಗಳ ಮೇಲೆ.