ವ್ಯಾಟ್ ಲೆಕ್ಕದಲ್ಲಿ ಸೋತ ನೆಟ್‌ಬುಕ್

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಗೆ ಎರಡು ಮೂರು ದಿನ ಕರೆಂಟು ಬರದಿರುವುದುಂಟು. ಇಲ್ಲಿ ಕಂಪ್ಯೂಟರ್ ಕೊಳ್ಳುವವರು ಅದರ ವೇಗಕ್ಕಿಂತ ಮೊದಲು ಕೇಳಬೇಕಾದದ್ದು ಎಷ್ಟು ವ್ಯಾಟ್ ತಿನ್ನುತ್ತದೆ ಎಂದು. ನೆಟ್‌ಬುಕ್ ಎಂಬ ಅಗ್ಗದ ಪುಟ್ಟ ಲ್ಯಾಪ್‌ಟಾಪ್ ಬಂದಷ್ಟೇ ಬೇಗ ಮಾಯವಾದದ್ದಕ್ಕೂ ದೊಡ್ಡ ಕಾರಣ ಅದೇ.

2007ರಲ್ಲಿ ಬಂದ ಏಸಸ್ ಕಂಪನಿಯ ನೆಟ್‌ಬುಕ್ 'ಈ ಪಿಸಿ' (Eee PC) 701ಕ್ಕೆ ಏಳಿಂಚಿನ ಪರದೆ, 512 ಎಂಬಿ ರ‍್ಯಾಮ್. ಮರುವರ್ಷ ನೆಟ್‌ಬುಕ್ಕಿಗೆಂದೇ ಇಂಟೆಲ್‌ನ ಆಟಂ ಎನ್270 ಪ್ರೊಸೆಸರ್ ಬಂತು. ಅದು ತಿನ್ನುತ್ತಿದ್ದದ್ದು ಗರಿಷ್ಠ 2.5 ವ್ಯಾಟ್, ಆದರೆ ಅದನ್ನು ಉಳಿದ ಭಾಗಗಳಿಗೆ ಜೋಡಿಸುವ ಹಳೆಯ 945 ಚಿಪ್‌ಸೆಟ್ಟೇ ಒಂಬತ್ತು ವ್ಯಾಟ್ ದಾಟುತ್ತಿತ್ತು. ಎತ್ತು ಚಿಕ್ಕದು, ಗಾಡಿ ಭಾರ. ಹಾಗಾಗಿ ಮೂರು ಸೆಲ್‌ನ, ಸುಮಾರು 24 ವ್ಯಾಟ್-ಅವರ್ (ಅಂದರೆ 24 ವ್ಯಾಟ್‌ನಂತೆ ಒಂದು ಗಂಟೆ ಕೊಡಬಲ್ಲ) ಬ್ಯಾಟರಿ ಎರಡೂವರೆ ಮೂರು ಗಂಟೆಗೆ ಖಾಲಿ. 1024×600ರ ಪರದೆಯಲ್ಲಿ ಎಷ್ಟೋ ಕಿಟಕಿಗಳ 'ಓಕೆ' ಬಟನ್ ಕೆಳಗೆ ಮರೆಯಾಗುತ್ತಿತ್ತು. ಎಂಟರ್ ಒತ್ತಿ ನಡೆಸಬೇಕಿತ್ತು. ಇಷ್ಟಿದ್ದರೂ ವಿಂಡೋಸ್ ಎಕ್ಸ್‌ಪಿ ಇತ್ತು, ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ' ನಡೆಯುತ್ತಿತ್ತು, ಪ್ರಿಂಟರ್ ನೇರವಾಗಿ ಸಿಕ್ಕಿಸಬಹುದಿತ್ತು. ಸೊಸೈಟಿಯ ನಡಾವಳಿ ಬರೆಯುವವರಿಗೆ ಇನ್ನೇನು ಬೇಕು?

2010ರ ಐಪ್ಯಾಡ್ ಅಷ್ಟೇ ಗಾತ್ರದ, 25 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಹತ್ತು ಗಂಟೆ ಓಡಿತು. ಮೊಬೈಲ್ ಜಾತಿಯ ಚಿಪ್, ಫ್ಯಾನ್ ಇಲ್ಲ, ಹಾರ್ಡ್ ಡಿಸ್ಕ್ ಇಲ್ಲ. ಭಾರತ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ ಅಗ್ಗವೇನೋ ಹೌದು, ಆದರೆ 256 ಎಂಬಿ ರ‍್ಯಾಮ್, ಒತ್ತಿದರೆ ಮಾತ್ರ ಸ್ಪಂದಿಸುವ ಪರದೆ. ಆ ಕಾಲದ ಆಂಡ್ರಾಯ್ಡ್‌ನಲ್ಲಿ ಕನ್ನಡದ ಒತ್ತಕ್ಷರ ನೆಟ್ಟಗೆ ಕೂರುತ್ತಲೂ ಇರಲಿಲ್ಲ. 2013ರ ಹೊತ್ತಿಗೆ ಏಸಸ್, ಏಸರ್ ಎರಡೂ ನೆಟ್‌ಬುಕ್ ಕೈಬಿಟ್ಟವು. 2016ರಲ್ಲಿ ಜಿಯೋ ಬಂದ ಮೇಲೆ ಪಹಣಿ ನೋಡುವುದು, ಅಡಿಕೆ ಧಾರಣೆ ಕೇಳುವುದು ಎಲ್ಲ ಫೋನಿಗೇ ಬಂತು.

ಮನೆಯಲ್ಲಿ 12 ವೋಲ್ಟ್ ಸೋಲಾರ್ ಬ್ಯಾಟರಿಯಿದ್ದರೆ ಫೋನು, ಟ್ಯಾಬ್ ಎರಡಕ್ಕೂ ಕಾರಿನ ಯುಎಸ್‌ಬಿ ಚಾರ್ಜರ್ ಸಾಕು. ಧನ, ಋಣ ತಂತಿ ಅದಲುಬದಲಾಗದಂತೆ ನೋಡಿ, ನಡುವೆ ಫ್ಯೂಸ್ ಹಾಕಬೇಕು. 19 ವೋಲ್ಟ್ ಬೇಡುವ ನೆಟ್‌ಬುಕ್ಕಿಗಾದರೆ ಸಾಮಾನ್ಯವಾಗಿ ಇನ್ವರ್ಟರ್ ಮಾರ್ಗವೇ. ಡಿಸಿ ಎಸಿಯಾಗಿ ಮತ್ತೆ ಡಿಸಿಯಾಗುವಷ್ಟರಲ್ಲಿ ಒಂದಷ್ಟು ವಿದ್ಯುತ್ ಬಿಸಿಯಾಗಿಯೇ ಹೋಗುತ್ತದೆ.

ಫೋನಿಗೂ ಒಂದು ಕಾಟವಿದೆ. ಗುಡ್ಡದ ಮರೆಯ ಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಅದು ಟವರಿಗೆ ಕೇಳಿಸಲೆಂದು ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. 5000 ಎಂಎಎಚ್‌ನ ದೊಡ್ಡ ಬ್ಯಾಟರಿ ಇದ್ದರೂ ಸಂಜೆಗೆ ಬತ್ತುತ್ತದೆ. ವೈಫೈ ಮಾತ್ರದ ಟ್ಯಾಬ್ ಕೊಂಡರೆ ಹಾಟ್‌ಸ್ಪಾಟ್ ಹೊರೆಯೂ ಅದೇ ಫೋನಿನ ಮೇಲೆ. ಸಿಮ್ ಹಾಕುವ ಟ್ಯಾಬ್‌ಗೆ ಒಂದಿಷ್ಟು ಹೆಚ್ಚು ಕೊಡುವುದೇ ಲೇಸು. ಮಳೆಗಾಲ ಪೂರ್ತಿ ಅದನ್ನು ಮುಟ್ಟದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಆಫ್ ಮಾಡಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಬ್ಯಾಟರಿ ಏಳದೇ ಹೋಗಬಹುದು. ಥಂಡಿ ಹಿಡಿದ ಪೋರ್ಟ್ ಒಣಗದೆ ಚಾರ್ಜರ್ ಸಿಕ್ಕಿಸಬಾರದು.

ಓದಲು, ಪಾಠ ನೋಡಲು ಟ್ಯಾಬ್, ಉಳಿದದ್ದಕ್ಕೆಲ್ಲ ಫೋನ್. ಪುಟಗಟ್ಟಲೆ ಟೈಪ್ ಮಾಡುವುದಕ್ಕೆ ಮಾತ್ರ ನೆಟ್‌ಬುಕ್ಕಿನ ಜಾಗಕ್ಕೆ ಸರಿಯಾದದ್ದು ಇನ್ನೂ ಬಂದಿಲ್ಲ. ಫೋನು, ಟ್ಯಾಬ್‌ಗೆ ಯುಎಸ್‌ಬಿ ಸಾಧನ ಸಿಕ್ಕಿಸುವ ಒಟಿಜಿ ಕೇಬಲ್ಲಿಗೆ ಕೀಬೋರ್ಡ್ ಹಾಕಿದರೆ ಅರ್ಧ ಕೆಲಸ ನಡೆಯುತ್ತದೆ. ಹಳೆಯ ನುಡಿ ಫಾಂಟಿನ ಕಡತಗಳು ಫೋನಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ನೆಟ್‌ಬುಕ್ ಇನ್ನೂ ಆನ್ ಆಗುತ್ತಿರುವಾಗಲೇ ಅವನ್ನು ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡಿಗೆ ಬದಲಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.