ದೊಡ್ಡಮ್ಮ ಅಳಿಸಿದ್ದು ಒಂದು ಫೋನಿನಲ್ಲಿ, ಮಾಯವಾಗಿದ್ದು ಎಲ್ಲ ಕಡೆ

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನ ಫೋನಿನಲ್ಲಿ ಜಾಗ ತುಂಬಿದೆ ಎಂಬ ಸೂಚನೆ ದಿನಾ ಬರುತ್ತಿತ್ತು. ಹಳೇ ಫೋಟೊಗಳೆಲ್ಲ ಬೆಂಗಳೂರಿನಲ್ಲಿರುವ ಮಗನ ಲ್ಯಾಪ್‌ಟಾಪಿನಲ್ಲೂ ಕಾಣಿಸುತ್ತವಲ್ಲ, ಇನ್ನೇನು ಭಯ ಎಂದು ಫೋನಿನಲ್ಲಿದ್ದವನ್ನು ಅಳಿಸಿದರು. ಕೆಲವು ತಿಂಗಳಾದ ಮೇಲೆ ತಾತನ ವರ್ಷದ ತಿಥಿಗೆ ಒಂದು ಒಳ್ಳೆ ಫೋಟೊ ಬೇಕಾಯಿತು. ಹುಡುಕಿದರೆ ಲ್ಯಾಪ್‌ಟಾಪಿನಲ್ಲೂ ಇಲ್ಲ. ತಾತ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುಗಳನ್ನು ಆಯ್ದು, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಫೋಟೊ ಅಳಿಸಿದವುಗಳಲ್ಲಿತ್ತು. ಅದೇ ಅವರು ನೋಡಿದ ಕೊನೆಯ ಬೆಳೆ.

ಏನೋ ಕೆಟ್ಟುಹೋಗಿ ಹೀಗಾಯಿತು ಎಂದು ಮನೆಯವರು ಅಂದುಕೊಂಡರು. ಆದರೆ ಇಲ್ಲಿ ಏನೂ ಕೆಟ್ಟಿರಲಿಲ್ಲ. ಫೋಟೊಗಳನ್ನು ಎರಡೂ ಕಡೆ ತೋರಿಸುತ್ತಿದ್ದ ಆ್ಯಪ್ ತನಗೆ ಒಪ್ಪಿಸಿದ ಕೆಲಸವನ್ನೇ ಮಾಡಿತ್ತು. ಸಿಂಕ್ ಅಂದರೆ ಎಲ್ಲ ಕಡೆ ಒಂದೇ ಥರ ಇಡುವುದು. ಬ್ಯಾಕಪ್ ಅಂದರೆ ಇಲ್ಲಿ ಏನೇ ಆದರೂ ಅಲ್ಲಿರುವುದು ಹಾಗೇ ಉಳಿಯುವುದು. ಎರಡೂ ಒಂದೇ ಆ್ಯಪ್‌ನಲ್ಲಿ, ಎಷ್ಟೋ ಸಲ ಒಂದೇ ಬಟನ್‌ನ ಹಿಂದೆ ಇರುವುದರಿಂದ ನಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸಿಂಕ್ ಮಾಡುವ ಪ್ರೋಗ್ರಾಂ ಎದುರಿಸುವ ಕಷ್ಟವೊಂದಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೋನಿನಲ್ಲಿ ಎರಡು ಫೋಟೊ ಇವೆ, ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ತಲುಪುವ ಕಂಪನಿಯ ಕಂಪ್ಯೂಟರಿನಲ್ಲಿ, ಮೂರಿವೆ ಎಂದುಕೊಳ್ಳಿ. ಆ ಮೂರನೆಯದು ಫೋನಿನಲ್ಲಿ ಯಾಕಿಲ್ಲ? ಬೇರೆ ಫೋನಿನಿಂದ ಈಗಷ್ಟೇ ಕ್ಲೌಡ್‌ಗೆ ಬಂದು, ಇಲ್ಲಿಗೆ ಇನ್ನೂ ಇಳಿದಿಲ್ಲದಿರಬಹುದು. ಅಥವಾ ಇಲ್ಲಿದ್ದದ್ದನ್ನು ಯಾರೋ ಅಳಿಸಿರಬಹುದು. ಮೊದಲನೆಯದಾದರೆ ಫೋನಿಗೆ ಇಳಿಸಬೇಕು, ಎರಡನೆಯದಾದರೆ ಕ್ಲೌಡ್‌ನಲ್ಲೂ ಅಳಿಸಬೇಕು. ಪೂರಾ ಉಲ್ಟಾ ಕೆಲಸ. ಎರಡು ಕಡೆಯ ಪಟ್ಟಿಗಳನ್ನು ಎಷ್ಟು ಹೊತ್ತು ಪಕ್ಕಪಕ್ಕ ಇಟ್ಟು ನೋಡಿದರೂ ಉತ್ತರ ಸಿಗುವುದಿಲ್ಲ.

ಅದಕ್ಕೇ ಪ್ರೋಗ್ರಾಂ ಮೂರನೆಯ ಪಟ್ಟಿಯೊಂದನ್ನು ಇಟ್ಟುಕೊಳ್ಳುತ್ತದೆ: ಹೋದ ಸಲ ಸಿಂಕ್ ಆದಾಗ ಏನೇನಿತ್ತು ಎಂಬುದರ ನೆನಪು. ಆಗ ಇದ್ದದ್ದು ಈಗ ಫೋನಿನಲ್ಲಿ ಇಲ್ಲ ಅಂದರೆ ಅಳಿಸಿದ್ದಾರೆ. ಆಗಲೂ ಇರಲಿಲ್ಲ ಅಂದರೆ ಅದು ಹೊಸದು. ಏನನ್ನು ಅಳಿಸಿದ್ದೇವೆ ಎಂಬ ಗುರುತನ್ನೂ ಹೀಗೆ ಜೋಪಾನ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ವಾರಗಟ್ಟಲೆ ಸ್ವಿಚ್ ಆಫ್ ಆಗಿದ್ದ ಹಳೇ ಟ್ಯಾಬ್ ಒಂದು ಆನ್ ಆದ ಕೂಡಲೇ, ನೀವು ಅಳಿಸಿದ ಫೋಟೊಗಳನ್ನೆಲ್ಲ ಹೊಸವು ಎಂದು ಮತ್ತೆ ತಂದು ಸುರಿಯುತ್ತದೆ. ನನಗೆ ಇದು ಬಹಳ ಜಾಣತನದ ವ್ಯವಸ್ಥೆ ಅನಿಸುತ್ತದೆ. ಆದರೆ ಯಾಕೆ ಅಳಿಸಿದರು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಫೋನಿನಲ್ಲಿ ಜಾಗ. ಪ್ರೋಗ್ರಾಂಗೆ ಕಂಡದ್ದು ‘ಈ ಫೋಟೊ ಬೇಡ’ ಎಂಬ ಆದೇಶ.

ಜಾಗಕ್ಕಾಗಿಯೇ ಬೇರೆ ಬಟನ್ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನು ಒತ್ತಿದರೆ, ಕ್ಲೌಡ್‌ಗೆ ಈಗಾಗಲೇ ಹೋಗಿರುವ ಫೋಟೊಗಳು ಮಾತ್ರ ಫೋನಿನಿಂದ ಹೋಗುತ್ತವೆ, ಕ್ಲೌಡ್‌ನಲ್ಲಿ ಉಳಿಯುತ್ತವೆ. ತಪ್ಪಿ ಅಳಿಸಿಬಿಟ್ಟರೂ ಬ್ಯಾಕಪ್ ಆಗಿದ್ದ ಫೋಟೊ ಅಲ್ಲಿನ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಆ್ಯಪಲ್‌ನ ಐಕ್ಲೌಡ್‌ನಲ್ಲಿ ಸುಮಾರು 30 ದಿನ. ಅಷ್ಟರೊಳಗೆ ಗೊತ್ತಾದರೆ ಸರಿ. ತೊಂದರೆ ಏನೆಂದರೆ, ಹಳೇ ಫೋಟೊ ಕಾಣೆಯಾದದ್ದು ಗೊತ್ತಾಗುವುದು ಅದು ಬೇಕಾದಾಗ. ಬೇಕಾಗುವುದು ವರ್ಷಕ್ಕೊಂದು ಸಲ.

ತಾತನ ಫೋಟೊ ಕೊನೆಗೆ ಸಿಕ್ಕಿತು, ಕೋಲಾರದ ಅತ್ತೆಯ ವಾಟ್ಸ್‌ಆ್ಯಪ್‌ನಲ್ಲಿ. ಎಲ್ಲರಿಗೂ ಖುಷಿಯಾಯಿತು. ಆದರೆ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಕೊಟ್ಟಾಗ, ಚಂದ್ರಿಕೆಯ ಬಿದಿರಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. ಹುಳುಗಳು ಬರೀ ಹಳದಿ ಮಚ್ಚೆ. ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ವಾಟ್ಸ್‌ಆ್ಯಪ್ ಕುಗ್ಗಿಸುತ್ತದೆ. ನಾಲ್ಕೈದು ಎಂಬಿ ಇದ್ದದ್ದು ಕೆಲವು ನೂರು ಕೆಬಿಗೆ ಇಳಿಯುತ್ತದೆ. ಹೋದ ವಿವರ ಮತ್ತೆ ಬರುವುದಿಲ್ಲ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮಾತ್ರ ಮೂಲ ಫೈಲ್ ಇದ್ದ ಹಾಗೇ ಹೋಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಪ್ರತಿ ಫೋಟೊದ ಜೊತೆ ತಾರೀಕು, ಗಂಟೆ, ಲೊಕೇಶನ್ ಆನ್ ಇದ್ದರೆ ಜಾಗವನ್ನೂ ಫೈಲಿನೊಳಗೇ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಪದ್ಧತಿ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗುವಾಗ ಇದೂ ಉದುರಿಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅಂಥ ಫೋಟೊಗಳ ಫೈಲ್ ಹೆಸರಿನ ಕೊನೆಗೆ ‘ಡಬ್ಲ್ಯುಎ’ ಎಂದೂ ಒಂದು ನಂಬರೂ ಇರುತ್ತದೆ, ಮುಂದುಗಡೆ ಒಂದು ತಾರೀಕು. ಅದು ಫೋಟೊ ತೆಗೆದ ದಿನ ಎಂದು ನಂಬಬೇಡಿ. ಹತ್ತು ವರ್ಷ ಹಿಂದಿನ ಮದುವೆ ಫೋಟೊವನ್ನು ಇವತ್ತು ಯಾರಾದರೂ ಕಳಿಸಿದರೆ ಅದಕ್ಕೆ ಇವತ್ತಿನ ತಾರೀಕೇ ಬೀಳುತ್ತದೆ.

ಹಾಗಾದರೆ ಎಷ್ಟು ಪ್ರತಿ ಬೇಕು? ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮವಿದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ. ಇದರ ಹಿಂದಿರುವುದು ಸಂಭವನೀಯತೆಯ ಲೆಕ್ಕ. ಒಂದು ಹಾರ್ಡ್ ಡಿಸ್ಕ್ ಈ ವರ್ಷ ಕೆಡುವ ಸಾಧ್ಯತೆ 20ರಲ್ಲಿ 1 ಎಂದುಕೊಳ್ಳೋಣ. ಎರಡು ಡಿಸ್ಕ್ ಇದ್ದರೆ ಎರಡೂ ಕೆಡುವ ಸಾಧ್ಯತೆ 400ರಲ್ಲಿ 1. ಆದರೆ ಈ ಗುಣಾಕಾರ ನಡೆಯುವುದು ಒಂದರ ಗತಿಗೂ ಇನ್ನೊಂದರ ಗತಿಗೂ ಸಂಬಂಧ ಇಲ್ಲದಿದ್ದಾಗ ಮಾತ್ರ. ಎರಡನ್ನೂ ಒಂದೇ ಬೀರುವಿನಲ್ಲಿಟ್ಟರೆ ಕಳ್ಳ ಎರಡನ್ನೂ ಒಯ್ಯುತ್ತಾನೆ. ಎರಡೂ ಒಂದೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡಿದ್ದರೆ ಒಂದು ಸಿಡಿಲು ಸಾಕು. ಸಿಂಕ್ ಆಗುವ ಪ್ರತಿಗಳದ್ದೂ ಇದೇ ಕಥೆ. ಐದು ಸಾಧನಗಳಲ್ಲಿ ಕಂಡರೂ ಒಂದು ಬೆರಳು ಒತ್ತಿದರೆ ಐದೂ ಹೋಗುತ್ತವೆ. ಲೆಕ್ಕಕ್ಕೆ ಅದು ಒಂದೇ ಪ್ರತಿ.

ಹಾಗಾಗಿ ಕ್ಲೌಡ್ ಇರಲಿ, ಜೊತೆಗೆ ಒಂದು ಹಾರ್ಡ್ ಡಿಸ್ಕ್ ಇರಲಿ. ಕಾಪಿ ಆದ ಮೇಲೆ ಅದನ್ನು ಬಿಚ್ಚಿಡಿ. ಶಿಡ್ಲಘಟ್ಟದ ಮನೆಯ ಡಿಸ್ಕ್‌ನ ಇನ್ನೊಂದು ಪ್ರತಿ ಕೋಲಾರದ ಅತ್ತೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪೆನ್‌ಡ್ರೈವ್‌ನಲ್ಲಿ ಹಾಕಿ ವರ್ಷಗಟ್ಟಲೆ ಮರೆತುಬಿಡುವುದು ಬೇಡ. ಅದರೊಳಗೆ ಮಾಹಿತಿ ಇರುವುದು ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿ. ಅದು ನಿಧಾನವಾಗಿ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ.

ಕಾಪಿ ಸರಿಯಾಗಿ ಆಗಿದೆಯೇ ಎಂದು ತಿಳಿಯಲು ಪ್ರೋಗ್ರಾಂಗಳು ಹ್ಯಾಶ್ ಬಳಸುತ್ತವೆ. ಇದು ಫೈಲಿನ ಹೆಬ್ಬೆಟ್ಟಿನ ಗುರುತು. ಎಸ್‌ಎಚ್‌ಎ-256 ಎಂಬ ವಿಧಾನ ಎಷ್ಟೇ ದೊಡ್ಡ ಫೋಟೊ ಕೊಟ್ಟರೂ 256 ಬಿಟ್‌ಗಳ (0 ಅಥವಾ 1ರ 256 ಅಂಕಿಗಳ) ಒಂದು ಸಂಖ್ಯೆ ಕೊಡುತ್ತದೆ. ಫೋಟೊದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಒಂದೇ ಫೋಟೊ ಎರಡು ಸಲ ಬಂದಿದೆಯೇ ಎಂದು ಗುರುತಿಸುವುದೂ ಹೀಗೇ. ಕುಗ್ಗಿದ ವಾಟ್ಸ್‌ಆ್ಯಪ್ ಪ್ರತಿಯ ಹ್ಯಾಶ್ ಬೇರೆ ಇರುವುದರಿಂದ, ನಮ್ಮ ಕಣ್ಣಿಗೆ ಒಂದೇ ಆದರೂ ಗ್ಯಾಲರಿಯಲ್ಲಿ ಎರಡೆರಡು ಉಳಿದುಬಿಡುತ್ತವೆ.

ಜಾಗದ ವಿಷಯಕ್ಕೆ ಬಂದರೆ, ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಮೇಲ್ ಮತ್ತು ಡ್ರೈವ್ ಸೇರಿಸಿ. 2021ರ ಜೂನ್ 1ರಿಂದ ಹೊಸ ಫೋಟೊಗಳೂ ಅದರಲ್ಲೇ ಲೆಕ್ಕ. ತುಂಬಿದ ದಿನದಿಂದ ಬ್ಯಾಕಪ್ ನಿಲ್ಲುತ್ತದೆ, ಆಮೇಲಿನ ಫೋಟೊಗಳು ಫೋನಿನಲ್ಲಿ ಮಾತ್ರ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ ಬಂದದ್ದು 2023ರಲ್ಲಿ. ಇದು ತೀರಿಕೊಂಡವರ ಖಾತೆಗಳಿಗೂ ತಟ್ಟಬಹುದು. ತಾವು ತುಂಬಾ ದಿನ ಖಾತೆ ತೆರೆಯದಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮೊದಲೇ ಬರೆದಿಡುವ ಸೌಲಭ್ಯ ಗೂಗಲ್ ಸೆಟ್ಟಿಂಗ್ಸ್‌ನಲ್ಲೇ ಇದೆ. ಮನೆಯ ಹಿರಿಯರ ಜೊತೆ ಕೂತು, ಅವರನ್ನು ಕೇಳಿ, ಮಕ್ಕಳದೋ ಮೊಮ್ಮಕ್ಕಳದೋ ಹೆಸರನ್ನು ಅಲ್ಲಿ ಸೇರಿಸಿ. ಹತ್ತು ನಿಮಿಷದ ಕೆಲಸ.