ಮೋಡವಿಲ್ಲದ ಗಾಳಿ

ಜುಲೈ, ಆಗಸ್ಟ್ ಬಂತೆಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸರ್, ಒಂದು ತುಣುಕು ಮೋಡ ಇಲ್ಲ. ಬಿಸಿಲು ಚೆನ್ನಾಗಿದೆ. ಮತ್ಯಾಕೆ ದೋಣಿ ಬಿಡ್ತಿಲ್ಲ?"

ನಾನು ಗಂಗೊಳ್ಳಿ ಕಡೆಯವನು. ಗ್ರೀಸ್‌ನಲ್ಲಿ ಬಾಡಿಗೆ ಹಾಯಿದೋಣಿಗಳ ಸ್ಕಿಪ್ಪರ್. ಅಥೆನ್ಸ್ ಹತ್ತಿರದ ಲಾವ್ರಿಯೊದಿಂದ ಸೈಕ್ಲಾಡೀಸ್ ದ್ವೀಪಗಳಿಗೆ ಜನರನ್ನು ಕರೆದೊಯ್ಯುತ್ತೇನೆ. ಈಚೆಗೆ ಬೆಂಗಳೂರು, ದುಬೈ, ಲಂಡನ್‌ನಿಂದ ಕನ್ನಡದ ಕುಟುಂಬಗಳೂ ಬರುತ್ತವೆ. ಅವರ ಜೊತೆ ಹರಟೋದು ನನಗೆ ತುಂಬಾ ಇಷ್ಟ. ಆದರೆ ಈ ಪ್ರಶ್ನೆಗೆ ಉತ್ತರ ಟಿಕೆಟ್ ಮಾಡಿಸುವ ಮುಂಚೆಯೇ ಗೊತ್ತಿರಬೇಕು.

ನಮ್ಮ ಕರಾವಳಿಯಲ್ಲಿ ಕಡಲು ಕೆಡುವುದೆಂದರೆ ಕಪ್ಪು ಮೋಡ, ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಅದೇ ಹೊತ್ತಿನಲ್ಲಿ ಗ್ರೀಸ್ ಮತ್ತು ಟರ್ಕಿ ನಡುವಿನ ಏಜಿಯನ್ ಕಡಲಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಬೀಸುತ್ತದೆ. ಗ್ರೀಸ್‌ನ ಉತ್ತರಕ್ಕಿರುವ ಬಾಲ್ಕನ್ ಕಡೆ ಗಾಳಿಯ ಒತ್ತಡ ಜಾಸ್ತಿ, ಟರ್ಕಿಯ ಕಾದ ನೆಲದ ಮೇಲೆ ಕಡಿಮೆ. ಅವೆರಡರ ನಡುವೆ ಗಾಳಿ ಉತ್ತರದಿಂದ ನುಗ್ಗುತ್ತದೆ. ಟರ್ಕಿ ಮೇಲಿನ ಆ ಕಡಿಮೆ ಒತ್ತಡಕ್ಕೂ ನಮ್ಮ ಮುಂಗಾರಿಗೂ ನಂಟಿದೆ. ದಕ್ಷಿಣ ಏಷ್ಯಾದಿಂದ ಟರ್ಕಿವರೆಗೆ ಚಾಚಿದ ಕಡಿಮೆ ಒತ್ತಡದ ಒಂದೇ ಪಟ್ಟಿ ಅದು. ನಮ್ಮೂರಿಗೆ ಮಳೆ, ಇಲ್ಲಿಗೆ ಒಣಗಾಳಿ.

ಒಣಗಾಳಿ ಆದ್ದರಿಂದಲೇ ಮೋಡ ಕಾಣುವುದಿಲ್ಲ. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇಳಿದು ಮುನ್ಸೂಚನೆ ಕೊಡುತ್ತದೆ ಅಂತ ಕಾದರೆ ಅದೂ ಎಷ್ಟೋ ಸಲ ಇಳಿಯುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನೀಲಿ ಆಕಾಶದ ಕೆಳಗೇ ಗಾಳಿ, ಅದರ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ 7 ಇರಬಹುದು, ಅಂದರೆ 28ರಿಂದ 33 ನಾಟ್, ಗಂಟೆಗೆ ಸುಮಾರು 52ರಿಂದ 61 ಕಿ.ಮೀ. ಒಮ್ಮೊಮ್ಮೆ 8 ಮುಟ್ಟುತ್ತದೆ. ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. 15 ನಾಟ್ ಗಾಳಿ 30 ಆದರೆ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೊಬೈಲ್‌ನಲ್ಲಿ ನೀವು ನೋಡುವುದು ಸಾಮಾನ್ಯವಾಗಿ ಸರಾಸರಿ ವೇಗ. ನಡುನಡುವೆ ಒಮ್ಮೆಲೇ ಬೀಸುವ ಗಾಳಿಯ ರಭಸ ಅದಕ್ಕಿಂತ ಜಾಸ್ತಿ. ಟಿನೋಸ್ ಮತ್ತು ಮೈಕೊನೋಸ್ ದ್ವೀಪಗಳ ನಡುವಿನಂಥ ಇಕ್ಕಟ್ಟಿನ ಜಾಗದಲ್ಲಿ ಇನ್ನೂ ಜಾಸ್ತಿ. ದ್ವೀಪದ ದಕ್ಷಿಣ ಬದಿಯಲ್ಲಿ ನೀರು ಸಪಾಟಾಗಿ ಕಂಡರೂ ಗುಡ್ಡದ ಮೇಲಿಂದ ಗಾಳಿ ಧುಮುಕುತ್ತದೆ, ಲಂಗರು ಜಾರುವಷ್ಟು.

ಒಮ್ಮೆ ಕಿಥ್ನೋಸ್ ದ್ವೀಪದ ಕೊಲೋನಾ ಕೊಲ್ಲಿಯಲ್ಲಿದ್ದೆವು. ಬೆಂಗಳೂರಿನ ಕುಟುಂಬ. ಮಾರನೆಯ ದಿನ ಮೈಕೊನೋಸ್‌ನಲ್ಲಿ ಊಟಕ್ಕೆ ಟೇಬಲ್ ಕಾಯ್ದಿರಿಸಿ, ದುಡ್ಡೂ ಕಟ್ಟಿದ್ದರು. 40 ನಾಟಿಕಲ್ ಮೈಲಿಗೂ (ಸುಮಾರು 74 ಕಿ.ಮೀ.) ಜಾಸ್ತಿ ದೂರ, ಅಡ್ಡಗಾಳಿ, ಗಿಡ್ಡ ಕಡಿದಾದ ಅಲೆ. ಆಗಲ್ಲ ಎಂದೆ. ಮಗನಿಗೆ ಸಿಟ್ಟು ಬಂತು. ಜೊತೆಗಿದ್ದ ಅಜ್ಜಿ ಮಲ್ಪೆಯಲ್ಲಿ ಬೆಳೆದವರು. ಕೊಲ್ಲಿಯ ಬಾಯಿಯತ್ತ ಕೈ ತೋರಿಸಿ, "ಅಲ್ಲಿ ಹೊರಗೆ ಬಿಳಿ ನೊರೆ ಕಾಣ್ತಾ ಉಂಟಲ್ಲ ಮಗಾ, ಅವರು ಹೇಳಿದ್ದು ಕೇಳು" ಅಂದರು. ಎರಡು ದಿನ ಅಲ್ಲೇ ನಿಂತೆವು. ಮಕ್ಕಳು ಮರಳ ದಿಬ್ಬದ ಎರಡೂ ಬದಿ ಈಜಿದರು. ಊಟದ ದುಡ್ಡು ವಾಪಸ್ ಬರಲಿಲ್ಲ. ಮಗನ ಸಿಟ್ಟೂ ಪೂರ್ತಿ ಇಳಿಯಲಿಲ್ಲ. ಆದರೂ ಆ ಅಜ್ಜಿಯಂಥವರು ದೋಣಿಯಲ್ಲಿದ್ದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲ ವಾರವೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಜುಲೈನಲ್ಲೂ ಗಾಳಿಯಿಲ್ಲದೆ ಎಂಜಿನ್ ಹಾಕಿಕೊಂಡು ಹೋದ ದಿನಗಳಿವೆ. ದೋಣಿ ಎಷ್ಟು ದೊಡ್ಡದು, ಜೊತೆಗೆ ಯಾರಿದ್ದಾರೆ ಅನ್ನುವುದರ ಮೇಲೂ ತೀರ್ಮಾನ ಬದಲಾಗುತ್ತದೆ. ಆದರೆ ದಿನಕ್ಕೊಂದು ದ್ವೀಪ ಅಂತ ಪಟ್ಟಿ ಬರೆದು ತರಬೇಡಿ. ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರ, ಶುಕ್ರವಾರ ಸಂಜೆಗೇ ದೋಣಿ ವಾಪಸ್ ಬರಬೇಕು. ದಕ್ಷಿಣಕ್ಕೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಎಲ್ಲ ಸುಲಭ ಅನಿಸುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ. ಎರಡು ದಿನ ಖಾಲಿ ಬಿಡಿ, ದಯವಿಟ್ಟು.

ಮಕ್ಕಳು, ವಯಸ್ಸಾದವರು ಜೊತೆಗಿದ್ದು ರಜೆ ಜುಲೈನಲ್ಲೇ ಅಂದರೆ ಏಜಿನಾ, ಪೋರೋಸ್, ಹೈಡ್ರಾ ಇರುವ ಸರೋನಿಕ್ ಕೊಲ್ಲಿ ನೋಡಿ, ಅಲ್ಲಿ ಗಾಳಿಯ ಕಾಟ ಕಡಿಮೆ. ಇಲ್ಲವೇ ಪಶ್ಚಿಮದ ಅಯೋನಿಯನ್ ಕಡಲಿನ ಲೆಫ್ಕಾಡಾ, ಇಥಾಕಾಕ್ಕೆ ಹೋಗಿ. ಅಲ್ಲಿ ಬೆಳಿಗ್ಗೆ ಹೆಚ್ಚಾಗಿ ಶಾಂತ, ಗಾಳಿ ಏಳುವುದು ಮಧ್ಯಾಹ್ನ. ಸಂತೊರಿನಿ ನೋಡಲೇಬೇಕೆಂದರೆ ಫೆರ್ರಿಯಲ್ಲಿ ಹೋಗಿ ಬನ್ನಿ. ಆ ದ್ವೀಪದ ಪಕ್ಕದ, ಕಡಲು ತುಂಬಿದ ಜ್ವಾಲಾಮುಖಿ ಕುಳಿ 300 ಮೀಟರ್‌ಗೂ ಜಾಸ್ತಿ ಆಳ. ನಮ್ಮಂಥ ದೋಣಿಗಳಿಗೆ ಅಲ್ಲಿ ಲಂಗರು ಹಾಕಲು ಜಾಗ ಸಿಗುವುದೇ ಕಷ್ಟ.